ವಾಪಸ್ ಬಂದ ಕಟ್ಟಿನ ಖರ್ಚು ಯಾರ ತಲೆಗೆ? ವಿ.ಪಿ.ಪಿ.ಯಿಂದ ಕ್ಯಾಶ್ ಆನ್ ಡೆಲಿವರಿವರೆಗೆ

ಹಳ್ಳಿಯಲ್ಲಿ ಕೂತು ಆನ್‌ಲೈನ್‌ನಲ್ಲಿ ಸೀರೆಯನ್ನೋ ಉಪ್ಪಿನಕಾಯಿಯನ್ನೋ ಮಾರುವವರನ್ನು ಮಾತಿಗೆಳೆಯಿರಿ. ಗಿರಾಕಿ ಸಿಗುವುದಿಲ್ಲ ಎಂದು ಗೋಳಾಡುವವರು ಕಡಿಮೆ. ಹೋದ ಪಾರ್ಸೆಲ್ ಹಾಗೇ ತಿರುಗಿ ಬರುತ್ತದೆ, ಹೋದ ಖರ್ಚೂ ನಮ್ಮದೇ, ಬಂದ ಖರ್ಚೂ ನಮ್ಮದೇ ಎನ್ನುವವರೇ ಹೆಚ್ಚು. ಇದು ಮೊಬೈಲ್ ಕಾಲದ ಹೊಸ ಕಾಯಿಲೆ ಎಂದು ನಾವು ತಿಳಿದಿದ್ದೇವೆ. ಆದರೆ ಇದಕ್ಕೆ ಸುಮಾರು ನೂರೈವತ್ತು ವರ್ಷಗಳ ಇತಿಹಾಸವಿದೆ.

ದೂರದ ವ್ಯಾಪಾರದಲ್ಲಿ ಎರಡು ಭಯಗಳಿರುತ್ತವೆ. ಹಣ ಕೈಸೇರುವ ಮೊದಲು ಸಾಮಾನು ಕಳಿಸಲು ಮಾರುವವನಿಗೆ ಭಯ. ಸಾಮಾನು ನೋಡುವ ಮೊದಲು ಹಣ ಕಳಿಸಲು ಕೊಳ್ಳುವವನಿಗೆ ಭಯ. ಈ ಇಬ್ಬರ ನಡುವೆ ಮೂರನೆಯವರಾಗಿ ನಿಂತವರು ಅಂಚೆಯವರು. ಭಾರತದ ಅಂಚೆ ಇಲಾಖೆ 1877ರಲ್ಲಿ 'ವ್ಯಾಲ್ಯೂ ಪೇಯಬಲ್ ಪೋಸ್ಟ್' ಶುರು ಮಾಡಿತು. ನಮ್ಮ ಹಿರಿಯರ ಬಾಯಲ್ಲಿ ಅದು ವಿ.ಪಿ.ಪಿ., ಇನ್ನೂ ಚಿಕ್ಕದಾಗಿ ವಿ.ಪಿ. ಅಂಚೆಯವನು ಕಟ್ಟು ತರುತ್ತಾನೆ, ಹಣ ಎಣಿಸಿಕೊಟ್ಟರೆ ಕಟ್ಟು ಕೈಗೆ, ಇಲ್ಲವಾದರೆ ಅದು ಕಳಿಸಿದವನಿಗೇ ವಾಪಸ್.

ಮುಂದಿನ ಮೂರು ವರ್ಷಗಳಲ್ಲಿ ಇದಕ್ಕೆ ಇನ್ನೆರಡು ಸೌಲಭ್ಯಗಳು ಜೊತೆಯಾದವು. 1879ರಲ್ಲಿ ಕಾಲಾಣೆಯ ಪೋಸ್ಟ್ ಕಾರ್ಡ್ ಬಂತು. 1880ರಲ್ಲಿ ಮನಿ ಆರ್ಡರ್ ಕೆಲಸ ಅಂಚೆ ಇಲಾಖೆಯ ಕೈಗೆ ಬಂತು. ಕಾರ್ಡಿನಲ್ಲಿ ಆರ್ಡರ್ ಬರೆಯುವುದು, ವಿ.ಪಿ.ಯಲ್ಲಿ ಸಾಮಾನು ಪಡೆಯುವುದು, ಮಾರಿದವನಿಗೆ ಮನಿ ಆರ್ಡರ್ ದಾರಿಯಲ್ಲಿ ಹಣ ಮುಟ್ಟುವುದು. ಇಂದಿನ ಆನ್‌ಲೈನ್ ಅಂಗಡಿಯ ಅಸ್ಥಿಪಂಜರ ಅಷ್ಟರಲ್ಲೇ ಸಿದ್ಧವಾಗಿತ್ತು. ಅಂಚೆಯ ಮೂಲಕ ಸಾಮಾನು ಕೊಟ್ಟು ಹಣ ವಸೂಲಿ ಮಾಡುವ ಇಂಥ ವ್ಯವಸ್ಥೆ ಅಮೆರಿಕದ ಅಂಚೆಯಲ್ಲಿ ಬಂದದ್ದು 1913ರಲ್ಲಿ, ನಮಗಿಂತ 36 ವರ್ಷ ತಡವಾಗಿ.

ಆದರೆ ಲೆಕ್ಕ ನೋಡಿ. ಆರ್ಡರ್ ಮಾಡಿದವನು ಪಣಕ್ಕಿಟ್ಟದ್ದು ಕಾಲಾಣೆ. ಕಳಿಸಿದವನು ಪಣಕ್ಕಿಟ್ಟದ್ದು ಇಡೀ ಅಂಚೆ ವೆಚ್ಚ, ಕಟ್ಟುವ ಖರ್ಚು ಮತ್ತು ಸಾಮಾನು ದಾರಿಯಲ್ಲಿದ್ದ ಅಷ್ಟೂ ದಿನ. ಮನೆಯಲ್ಲಿ ಆ ದಿನ ಹಣವಿಲ್ಲ, ಮನಸ್ಸು ಬದಲಾಯಿತು, ಯಜಮಾನರು ಊರಲ್ಲಿಲ್ಲ ಎಂದು ಕಾರಣ ಏನೇ ಇರಲಿ, ಬೇಡ ಎಂದರೆ ಮುಗಿಯಿತು. ಕಟ್ಟು ವಾಪಸ್ ಹೋಗುತ್ತಿತ್ತು, ಅದನ್ನು ಕಳಿಸಲು ತೆತ್ತ ಹಣ ಮಾತ್ರ ವಾಪಸ್ ಬರುತ್ತಿರಲಿಲ್ಲ.

ಕೊಳ್ಳುವವನೂ ಪೂರ್ತಿ ಸುರಕ್ಷಿತನಾಗಿರಲಿಲ್ಲ. ಹಣ ಕೊಟ್ಟ ಮೇಲೆಯೇ ಅವನು ಕಟ್ಟು ಬಿಚ್ಚಬೇಕು. ಒಳಗೆ ಕೇಳಿದ್ದೇ ಇದೆಯೋ, ರದ್ದಿ ಕಾಗದ ಇದೆಯೋ ಯಾರಿಗೆ ಗೊತ್ತು? ಇನ್ನೊಂದು ಮೋಸವೂ ಸಾಧ್ಯವಿತ್ತು. ಯಾರೂ ಕೇಳದಿದ್ದರೂ ವಿ.ಪಿ. ಕಳಿಸಿಬಿಡುವುದು, ಮನೆಯವರು ಯಾರೋ ತರಿಸಿರಬೇಕೆಂದು ಹಣ ಕೊಟ್ಟರೆ ಲಾಭ.

ಇದನ್ನೆಲ್ಲ ಕಾನೂನು ಮಾಡಿದವರು ಊಹಿಸಿದ್ದರು ಎಂಬುದಕ್ಕೆ 1898ರ ಭಾರತೀಯ ಅಂಚೆ ಕಚೇರಿ ಕಾಯ್ದೆಯೇ ಸಾಕ್ಷಿ. ಅದರ 34 ಮತ್ತು 35ನೇ ಕಲಂಗಳು ವಿ.ಪಿ.ಗೆ ಸಂಬಂಧಿಸಿದವು. ನಿಜವಾದ ಆರ್ಡರ್ ಬಂದದ್ದರಿಂದಲೇ ಇದನ್ನು ಕಳಿಸುತ್ತಿದ್ದೇನೆ ಎಂದು ಕಳಿಸುವವನಿಂದ ಘೋಷಣೆ ಬರೆಸಿಕೊಳ್ಳಲು ಅಲ್ಲಿ ಅವಕಾಶವಿತ್ತು. ಮೋಸ ನಡೆದಿದ್ದರೆ ವಸೂಲಾದ ಹಣವನ್ನು ತಡೆಹಿಡಿದು ಕೊಂಡವನಿಗೇ ಮರಳಿಸುವ ನಿಯಮ ಮಾಡಲೂ ಅವಕಾಶವಿತ್ತು. ಇಂದು ನಾವು 'ರೀಫಂಡ್' ಎನ್ನುವುದು ಇದನ್ನೇ. ಜೊತೆಗೆ ಸರ್ಕಾರ ತನ್ನ ಕೈಯನ್ನೂ ಕಾಪಾಡಿಕೊಂಡಿತ್ತು. ಪಡೆಯುವವನಿಂದ ಹಣ ಬರುವತನಕ ಆ ಹಣಕ್ಕೆ ತಾನು ಹೊಣೆಯಲ್ಲ ಎಂದು ಸ್ಪಷ್ಟವಾಗಿ ಬರೆದುಕೊಂಡಿತ್ತು. ಮೋಸಹೋದ ಗಿರಾಕಿಗೆ ಕಾನೂನಿನಲ್ಲಿ ಒಂದು ದಾರಿ ಇತ್ತು. ಕಟ್ಟು ತಿರಸ್ಕೃತವಾದ ಮಾರಾಟಗಾರನ ಅಂಚೆ ವೆಚ್ಚಕ್ಕೆ ಮಾತ್ರ ಈ ಕಲಂಗಳಲ್ಲಿ ಪರಿಹಾರದ ಮಾತಿರಲಿಲ್ಲ.

ಹಾಗಾಗಿ ಮಾರುವವರು ತಮ್ಮ ದಾರಿ ತಾವೇ ಹುಡುಕಿಕೊಂಡರು. ಹಳೆಯ ಪತ್ರಿಕೆಗಳ ಜಾಹೀರಾತುಗಳಲ್ಲಿ 'ಅಂಚೆ ವೆಚ್ಚ ಪ್ರತ್ಯೇಕ' ಎಂಬ ಮಾತು ನಿಮ್ಮ ಕಣ್ಣಿಗೆ ಬಿದ್ದಿರಬಹುದು. ಸ್ವಲ್ಪ ಮುಂಗಡ ಕಳಿಸಿದವರಿಗೆ ಮಾತ್ರ ವಿ.ಪಿ. ಎನ್ನುವವರೂ ಇದ್ದರು. ಆ ಮುಂಗಡ ಕನಿಷ್ಠ ಅಂಚೆ ವೆಚ್ಚವನ್ನಾದರೂ ಉಳಿಸುತ್ತಿತ್ತು. ಕನ್ನಡ ಪುಸ್ತಕೋದ್ಯಮ ಕಂಡುಕೊಂಡ ಗಟ್ಟಿ ದಾರಿ ಚಂದಾ. ಜಿ.ಬಿ. ಜೋಶಿಯವರು 1933ರಲ್ಲಿ ಧಾರವಾಡದಲ್ಲಿ ಶುರು ಮಾಡಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನಂಬಿ ಬೆಳೆಯಿತು. ಓದುಗರು ಮೊದಲೇ ಹಣ ಕಟ್ಟುತ್ತಾರೆ, ಪುಸ್ತಕ ಆಮೇಲೆ ಅಂಚೆಯಲ್ಲಿ ಹೋಗುತ್ತದೆ. ಹಣ ಮೊದಲೇ ಬಂದಿರುವುದರಿಂದ ಕಟ್ಟು ಬೇಡವೆಂದು ತಿರುಗಿ ಬರುವ ಪ್ರಶ್ನೆಯೇ ಇಲ್ಲ. ಇದು ನಡೆದದ್ದು ವಿಶ್ವಾಸದ ಮೇಲೆ, ವಿಶ್ವಾಸ ಹುಟ್ಟಲು ವರ್ಷಗಳು ಬೇಕು.

ಇನ್ನು ನಮ್ಮ ಕಾಲಕ್ಕೆ ಬರೋಣ. 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರಾಟದಿಂದ ಶುರುವಾದ ಫ್ಲಿಪ್‌ಕಾರ್ಟ್ 2010ರಲ್ಲಿ ಕ್ಯಾಶ್ ಆನ್ ಡೆಲಿವರಿ ತಂದಿತು. ಕಾರ್ಡ್ ಇಲ್ಲದವರು, ಇದ್ದರೂ ನಂಬಿಕೆ ಇಲ್ಲದವರು ಆಗ ಆನ್‌ಲೈನ್ ಕೊಳ್ಳುವಿಕೆಗೆ ಇಳಿದರು. ಎಲ್ಲರೂ ಇದನ್ನು ಹೊಸ ಉಪಾಯ ಎಂದರು. ಇದು ವಿ.ಪಿ.ಯ ಮೊಮ್ಮಗು. ಮುಖ ಬೇರೆ, ರಕ್ತ ಅದೇ, ಕಾಯಿಲೆಯೂ ಅದೇ. ಈಗಂತೂ ಆರ್ಡರ್ ಮಾಡುವವನಿಗೆ ಆ ಕಾಲಾಣೆಯ ಖರ್ಚೂ ಇಲ್ಲ.

ಒಂದು ಸಣ್ಣ ಉದಾಹರಣೆ ತೆಗೆದುಕೊಳ್ಳೋಣ. ಕಳಿಸುವ ಖರ್ಚು ₹70 ಕಳೆದು ಒಂದು ಸಾಮಾನಿನಲ್ಲಿ ₹60 ಉಳಿಯುತ್ತದೆ ಎಂದುಕೊಳ್ಳಿ. ಐದು ಆರ್ಡರ್‌ನಲ್ಲಿ ನಾಲ್ಕು ಹೋದವು, ಲಾಭ ₹240. ಐದನೆಯದು ತಿರುಗಿ ಬಂತು, ಹೋಗಿ ಬರುವ ಖರ್ಚು ₹140. ಕೈಯಲ್ಲಿ ಉಳಿದದ್ದು ₹100. ಎರಡು ತಿರುಗಿ ಬಂದರೆ ₹180 ಲಾಭದ ಮೇಲೆ ₹280 ಖರ್ಚು, ಅಂದರೆ ಕೈಯಿಂದಲೇ ₹100 ಹೋಯಿತು. ದೊಡ್ಡ ಕಂಪನಿ ಇದನ್ನು ಲಕ್ಷಾಂತರ ಆರ್ಡರ್‌ಗಳ ಮೇಲೆ ಹಂಚಿ ತಡೆದುಕೊಳ್ಳುತ್ತದೆ. ತಿಂಗಳಿಗೆ ಇಪ್ಪತ್ತು ಪೊಟ್ಟಣ ಕಳಿಸುವ ಮಹಿಳಾ ಸಂಘ ಯಾವುದರ ಮೇಲೆ ಹಂಚಬೇಕು?

ಕಾನೂನು ಈಗ ಮಾತಾಡುತ್ತಿದೆ. ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳು 2020ರಲ್ಲಿ ಜಾರಿಗೆ ಬಂದವು. ದೋಷವಿರುವ, ನಕಲಿಯಾದ, ಜಾಹೀರಾತಿನಲ್ಲಿ ಹೇಳಿದಂತಿಲ್ಲದ ಸಾಮಾನನ್ನು ವಾಪಸ್ ಪಡೆಯಲು ಮಾರಾಟಗಾರ ನಿರಾಕರಿಸುವಂತಿಲ್ಲ. ಸಾಗಣೆ, ಅಂಚೆ ಖರ್ಚುಗಳನ್ನು ಬಿಡಿಸಿ ತೋರಿಸಬೇಕು. ವಾಪಸ್ ಕಳಿಸುವ ವೆಚ್ಚದ ಷರತ್ತನ್ನೂ ಸ್ಪಷ್ಟವಾಗಿ ತಿಳಿಸಬೇಕು. ಇವು ಬೇಕಾದ ನಿಯಮಗಳೇ. 1898ರ ಕಾಯ್ದೆಯ ಜಾಗಕ್ಕೆ 2023ರ ಹೊಸ ಅಂಚೆ ಕಾಯ್ದೆಯೂ ಬಂದಾಯಿತು. ಆದರೆ ಕಾರಣವಿಲ್ಲದೆ ಬಾಗಿಲಲ್ಲೇ ಬೇಡವೆನಿಸಿಕೊಂಡ ಕಟ್ಟಿನ ಖರ್ಚು ಇಂದಿಗೂ ಸಣ್ಣ ಮಾರಾಟಗಾರರ ತಲೆಯ ಮೇಲೆಯೇ ಬೀಳುತ್ತಿದೆ.

'ಫ್ರೀ ಡೆಲಿವರಿ' ಎಂಬ ಮಾತು ಈ ಖರ್ಚನ್ನು ನಮ್ಮ ಕಣ್ಣಿನಿಂದ ಮರೆಮಾಡಿದೆ. 'ಅಂಚೆ ವೆಚ್ಚ ಪ್ರತ್ಯೇಕ' ಎಂಬ ಹಳೆಯ ಸಾಲಿನಲ್ಲಿ ಒಂದು ಪ್ರಾಮಾಣಿಕತೆ ಇತ್ತು. ಸಾಮಾನಿಗೆ ಒಂದು ಬೆಲೆ, ಅದು ನಡೆದು ಬರುವ ದಾರಿಗೆ ಇನ್ನೊಂದು ಬೆಲೆ ಎಂದು ಅದು ಹೇಳುತ್ತಿತ್ತು. ನಮ್ಮೂರಿನ ಮಾರಾಟಗಾರರು ಆ ಸಾಲನ್ನು ಮತ್ತೆ ಧೈರ್ಯವಾಗಿ ಬರೆಯಬೇಕು. ಅಂಚೆ ವೆಚ್ಚದಷ್ಟು ಮುಂಗಡ ಕೇಳಬೇಕು. ತಪ್ಪು ತಮ್ಮದಾದರೆ ಎರಡೂ ದಾರಿಯ ಖರ್ಚು ತಮ್ಮದು ಎಂದೂ ಬರೆಯಬೇಕು. ಕೊಳ್ಳುವ ನಾವು ಕೂಡ 'ಬೇಡ' ಎನ್ನುವ ಮುಂಚೆ ಆ ಕಟ್ಟು ಯಾರ ದುಡ್ಡಿನಲ್ಲಿ ಊರಿಗೆ ಮರಳುತ್ತದೆ ಎಂದು ಒಮ್ಮೆ ಯೋಚಿಸಬೇಕು.