ಮೂಗು, ರಕ್ತ, ಮಜ್ಜೆ: ನಮ್ಮನ್ನು ಅಳೆದವರ ಕತೆ



ಉದ್ದದ ಪೋಸ್ಟು, ತಾಳ್ಮೆಯಿಂದ ಓದಿ. ನಮ್ಮದೇ ಗ್ರೂಪುಗಳಲ್ಲಿ "ಡಿಎನ್‌ಎ ಪ್ರಕಾರ ನಾವೇ ಮೂಲನಿವಾಸಿಗಳು, ಅವರ ರಕ್ತವೇ ಬೇರೆ" ಅನ್ನೋ ಫಾರ್ವರ್ಡ್ ಮತ್ತೆ ಓಡಾಡ್ತಿದೆ. ನನಗೆ ಈ ಮಾತು ಹಿಡಿಸಲ್ಲ. ಯಾಕೆ ಅಂತ ಹೇಳ್ತೀನಿ.

ಮೊದಲು ಅಳೆದದ್ದು ಮೂಗನ್ನು. ಹರ್ಬರ್ಟ್ ರಿಸ್ಲೆ ಎಂಬ ಬ್ರಿಟಿಷ್ ಅಧಿಕಾರಿ ಬಂಗಾಳದ ಜಾತಿಗಳ ಮೂಗು ಅಳೆಸಿ, ಮೂಗು ಅಗಲವಾದಷ್ಟೂ ಜಾತಿ ಕೆಳಗೆ ಎಂದು 1891ರಲ್ಲಿ ಬರೆದ. 1901ರ ಜನಗಣತಿ ಅವನ ಕೈಗೇ ಸಿಕ್ಕಿತು. ಬಾಬಾಸಾಹೇಬರು ಅದೇ ಮೂಗಿನ ಅಂಕಿಗಳನ್ನು ಹಿಡಿದು 1948ರ 'ದಿ ಅನ್‌ಟಚಬಲ್ಸ್' ಪುಸ್ತಕದಲ್ಲಿ ತಿರುಗಿಸಿ ಹೊಡೆದರು. ಈ ಅಳತೆ ವಿಜ್ಞಾನವೇ ಆಗಿದ್ದರೆ ಬ್ರಾಹ್ಮಣನೂ ಅಸ್ಪೃಶ್ಯನೂ ಒಂದೇ ಜನಾಂಗ ಅಂದರು. ನಮ್ಮ ಫಾರ್ವರ್ಡ್ ವೀರರು ಈ ಪುಟ ಯಾಕೆ ಓದಲ್ಲವೋ!

ಆಮೇಲೆ ರಕ್ತ. ಮೊದಲ ಮಹಾಯುದ್ಧದಲ್ಲಿ ಸಲೋನಿಕಾಕ್ಕೆ ಹಲವು ದೇಶದ ಸೈನಿಕರು ಬಂದು ಸೇರಿದ್ದರು, ಭಾರತದವರೂ ಇದ್ದರು. ಲುಡ್ವಿಕ್ ಮತ್ತು ಹಾನ್ನಾ ಹಿರ್ಷ್‌ಫೆಲ್ಡ್ ಎಂಬ ವೈದ್ಯ ದಂಪತಿ ಅವರೆಲ್ಲರ ರಕ್ತದ ಗುಂಪು ನೋಡಿ 1919ರಲ್ಲಿ ಪ್ರಕಟಿಸಿದರು. ಯುರೋಪಿನವರಲ್ಲಿ ಎ ಜಾಸ್ತಿ, ಭಾರತೀಯರಲ್ಲಿ ಬಿ ಜಾಸ್ತಿ. ಆದರೆ ಎರಡೂ ಎಲ್ಲರಲ್ಲೂ ಇತ್ತು. ರಕ್ತಶುದ್ಧಿಯ ಹುಚ್ಚು ಹಿಡಿದ ನಾಜಿಗಳು ಮುಂದೆ ಯಹೂದಿ ಮೂಲದ ಇದೇ ಹಿರ್ಷ್‌ಫೆಲ್ಡ್‌ರನ್ನು ವಾರ್ಸಾ ಘೆಟ್ಟೋದಲ್ಲಿ ಕೂಡಿಹಾಕಿದರು.

ಮೂರನೆಯದು ಎಚ್‌ಎಲ್‌ಎ. 1958ರಲ್ಲಿ ಫ್ರಾನ್ಸಿನ ಜಾನ್ ದೋಸೆ ಬಿಳಿ ರಕ್ತಕಣಗಳ ಮೇಲೆ ಇದರ ಮೊದಲ ಗುರುತು ಕಂಡರು, 1980ರಲ್ಲಿ ನೊಬೆಲ್ ಬಂತು. ಆರನೇ ವರ್ಣತಂತುವಿನ ಮೇಲಿರೋ ಈ ಜೀನುಗಳ ಕೆಲಸ ಕಾವಲು. ಜೀವಕೋಶದೊಳಗೆ ವೈರಸ್ ನುಗ್ಗಿದರೆ ಅದರ ಚೂರನ್ನು ಹೊರಗೆ ಎತ್ತಿ ತೋರಿಸ್ತವೆ, ಟಿ ಕೋಶಗಳು ಬಂದು ದಾಳಿ ಮಾಡ್ತವೆ. ಅಪ್ಪನಿಂದ ಒಂದು ಕಂತು, ಅಮ್ಮನಿಂದ ಒಂದು ಕಂತು. ಎರಡೂ ಬೇರೆಬೇರೆ ಇದ್ದಷ್ಟೂ ಹೆಚ್ಚು ರೋಗಗಳ ಗುರುತು ಸಿಗುತ್ತೆ. ಎಚ್‌ಐವಿ ಸೋಂಕಿತರಲ್ಲಿ ಬೇರೆಬೇರೆ ಕಂತು ಇದ್ದವರಿಗೆ ಏಡ್ಸ್ ನಿಧಾನವಾಗಿ ಬರುತ್ತೆ ಅಂತ 1999ರಲ್ಲಿ ತೋರಿಸಿದರು. ಬೆರಕೆಯೇ ಬಲ ಕಣ್ರೀ, ಶುದ್ಧಿ ಅಲ್ಲ!

ಇವುಗಳಲ್ಲಿ ಸಾವಿರಾರು ಬಗೆ. ಕೆಲವು ಎಷ್ಟು ಹಳೆಯವು ಅಂದರೆ, ಮನುಷ್ಯ ಮತ್ತು ಚಿಂಪಾಂಜಿ ಕವಲೊಡೆಯುವ ಮುಂಚಿನವು. ಹಾಗಾಗಿ ಒಬ್ಬ ಮಠಾಧೀಶರ ಒಂದು ಎಚ್‌ಎಲ್‌ಎ ಜೀನು ಪಕ್ಕದ ಮನೆಯವರದ್ದಕ್ಕಿಂತ ಚಿಂಪಾಂಜಿಯದ್ದಕ್ಕೆ ಹತ್ತಿರ ಇದ್ದರೂ ಇರಬಹುದು.

ಅಮೆರಿಕದ ಮೂಲನಿವಾಸಿಗಳು ಸಿಡುಬು, ದಡಾರಕ್ಕೆ ಲಕ್ಷಗಟ್ಟಲೆ ಸತ್ತದ್ದಕ್ಕೆ ಅವರಲ್ಲಿ ಎಚ್‌ಎಲ್‌ಎ ವೈವಿಧ್ಯ ಕಡಿಮೆ ಇದ್ದದ್ದು ಕಾರಣ ಅಂತ 1992ರಲ್ಲಿ ಫ್ರಾನ್ಸಿಸ್ ಬ್ಲ್ಯಾಕ್ ವಾದಿಸಿದರು. ಇರಬಹುದು. ಆದರೆ ಭೂಮಿ ಕಿತ್ತುಕೊಂಡದ್ದು, ಗುಲಾಮಗಿರಿ, ಹಸಿವು? ಜೀನಿನ ಮೇಲೆ ತಪ್ಪು ಹೊರಿಸಿದರೆ ಕೊಂದವನು ಸಲೀಸಾಗಿ ಪಾರಾಗ್ತಾನೆ.

ಈಗ ನಮ್ಮ ದೇಶಕ್ಕೆ ಬರೋಣ. 1916ರಲ್ಲಿ ಕೊಲಂಬಿಯಾದಲ್ಲಿ ಬಾಬಾಸಾಹೇಬರು ಹೇಳಿದ್ದು: ಜಾತಿಯ ಜೀವಾಳ ಒಳಮದುವೆ. ಸರಿಯಾಗಿ ನೂರು ವರ್ಷ ಆದಮೇಲೆ, 2016ರಲ್ಲಿ, ಪಶ್ಚಿಮ ಬಂಗಾಳದ ಕಲ್ಯಾಣಿಯ ವಿಜ್ಞಾನಿಗಳು ಜೀನು ಓದಿ, ಮೇಲ್ಜಾತಿಗಳಲ್ಲಿ ಬೆರಕೆ ಸುಮಾರು 70 ತಲೆಮಾರಿನ ಹಿಂದೆ ಥಟ್ಟನೆ ನಿಂತಿತು ಅಂದರು. ಅಂದರೆ ಅದಕ್ಕೂ ಮುಂಚೆ ಬೆರೆತಿದ್ದರು! ಬೇಲಿ ಆಮೇಲೆ ಹಾಕಿದ್ದು. 2017ರ ಇನ್ನೊಂದು ಅಧ್ಯಯನದಲ್ಲಿ ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಸಮುದಾಯಗಳನ್ನು ನೋಡಿದರೆ, 81ರಲ್ಲಿ ಈ ಒಳಗೊಳಗಿನ ಬಿಗಿತ ಫಿನ್‌ಲೆಂಡಿನವರಿಗಿಂತ, ಅಶ್ಕೆನಾಜಿ ಯಹೂದಿಗಳಿಗಿಂತ ಜಾಸ್ತಿ. ಇದರ ಬೆಲೆ ತೆರೋದು ಆನುವಂಶಿಕ ಕಾಯಿಲೆ ಹೊತ್ತು ಹುಟ್ಟೋ ಮಕ್ಕಳು.

ಬೇಲಿ ಆಸ್ಪತ್ರೆವರೆಗೂ ಬರುತ್ತೆ. ರಕ್ತದ ಕ್ಯಾನ್ಸರಿಗೆ ಮಜ್ಜೆ ಕಸಿ ಮಾಡಬೇಕಂದರೆ ಎಚ್‌ಎಲ್‌ಎ ಹೊಂದಬೇಕು. ಒಡಹುಟ್ಟಿದ ಒಬ್ಬೊಬ್ಬರಲ್ಲೂ ಹೊಂದುವ ಸಾಧ್ಯತೆ 25%. ಇಲ್ಲದಿದ್ದರೆ ದಾನಿಗಳ ಪಟ್ಟಿ ಹುಡುಕಬೇಕು, ಅಲ್ಲಿ ಸಿಗೋದು ಬಹುಪಾಲು ನಿಮ್ಮ ಪೂರ್ವಜರ ಗುಂಪಿನವರೇ. ಅಮೆರಿಕದ ಪಟ್ಟಿಯಲ್ಲಿ ಪೂರ್ತಿ ಹೊಂದುವ ದಾನಿ ಸಿಗುವ ಸಾಧ್ಯತೆ ಬಿಳಿಯರಿಗೆ 75%, ಆಫ್ರಿಕನ್ ಅಮೆರಿಕನ್ನರಿಗೆ 19% ಅಂತ 2014ರ ಲೆಕ್ಕ. ಆಫ್ರಿಕನ್ ಮೂಲದವರಲ್ಲಿ ವೈವಿಧ್ಯ ಹೆಚ್ಚು, ಪಟ್ಟಿಯಲ್ಲಿ ಅವರ ಹೆಸರು ಕಡಿಮೆ.

ನಮ್ಮ ಕೇರಿಗಳಿಂದ ಎಷ್ಟು ಹೆಸರಿವೆ? ಕೆನ್ನೆಯೊಳಗಿನ ಒಂದು ಹತ್ತಿಕಡ್ಡಿ ಸಾಕು ನೋಂದಣಿಗೆ. ಹಾಸ್ಟೆಲ್ ಹುಡುಗ ಹುಡುಗಿಯರು, ಈಗಾಗಲೇ ಕೊಟ್ಟವರಿದ್ದರೆ ಕಾಮೆಂಟಲ್ಲಿ ಬರೀರಿ. ಏಪ್ರಿಲ್ 14ರ ಕಾರ್ಯಕ್ರಮದಲ್ಲಿ ರಕ್ತದಾನದ ಪಕ್ಕದಲ್ಲೇ ಒಂದು ಟೇಬಲ್ ಹಾಕಬಹುದಾ ಅಂತ ಕೇಳ್ತಿದ್ದೀನಿ.