ಬಾಕ್ ಬೀದಿಯ ಹೆಬ್ಬಾಗಿಲು

ಪ್ರತಿ ವರ್ಷ ಸೆಪ್ಟೆಂಬರ್ ತಿಂಗಳ ಮೂರನೆಯ ಶನಿವಾರ, ಭಾನುವಾರಗಳಂದು ಪ್ಯಾರಿಸ್ ನಗರದಲ್ಲಿ ಅಪೂರ್ವವಾದ ಹಬ್ಬವೊಂದು ಜರುಗುತ್ತದೆ. 1984ರಲ್ಲಿ ಫ್ರಾನ್ಸಿನ ಸಂಸ್ಕೃತಿ ಸಚಿವರಾಗಿದ್ದ ಝಾಕ್ ಲಾಂಗ್ ಅವರು ಆರಂಭಿಸಿದ ಈ ಪದ್ಧತಿಯಂತೆ, ವರ್ಷವೆಲ್ಲ ಮುಚ್ಚಿರುವ ಅರಮನೆ, ಸಚಿವಾಲಯ, ಮಠಗಳ ಬಾಗಿಲುಗಳು ಆ ಎರಡು ದಿನ ಜನಸಾಮಾನ್ಯರಿಗೆ ತೆರೆದಿರುತ್ತವೆ. ರಾಷ್ಟ್ರಾಧ್ಯಕ್ಷರ ಎಲಿಸೇ ಅರಮನೆಯನ್ನು ನೋಡಲು ಜನರು ಗಂಟೆಗಟ್ಟಲೆ ಸಾಲುಗಟ್ಟಿ ನಿಂತದ್ದುಂಟು. ಯೂರೋಪಿನ ಇತರ ದೇಶಗಳೂ ಈ ಹಬ್ಬವನ್ನು ಅನುಸರಿಸಿವೆ.

ಅರಮನೆಯ ಮಾತು ಅಲ್ಲಿರಲಿ. ಮೈಸೂರು ಸೀಮೆಯ ಕಥೋಲಿಕರಾದ ನಮಗೆ ಆ ನಗರದಲ್ಲಿ ಮುಖ್ಯವಾದದ್ದು ಬಾಕ್ ಬೀದಿಯ 128ನೆಯ ಸಂಖ್ಯೆಯ ಬಾಗಿಲು. 1663ರಲ್ಲಿ ಸ್ಥಾಪಿತವಾದ ಪ್ಯಾರಿಸ್ ವಿದೇಶೀ ಮಿಷನ್ ಸಂಸ್ಥೆಯ ಗುರುಮಠ ಅದು. ಈ ಹಬ್ಬದಲ್ಲಿ ಅದರ ವಿಶಾಲವಾದ ತೋಟವನ್ನೂ ಸಾರ್ವಜನಿಕರಿಗೆ ತೆರೆದದ್ದುಂಟು. ನೋಡಲು ಬಂದವರು ಮರಗಳನ್ನೂ ಹಳೆಯ ಕಟ್ಟಡವನ್ನೂ ಮೆಚ್ಚುವುದು ಸಹಜ, ಮೆಚ್ಚಲಿ. ಆದರೆ ಆ ಬಾಗಿಲಿನ ಇತಿಹಾಸವೆಲ್ಲ ಅದರಿಂದ ಹೊರಟುಹೋದವರದು.

ಹತ್ತೊಂಬತ್ತನೆಯ ಶತಮಾನದಲ್ಲಿ ಏಷ್ಯಾ ಖಂಡಕ್ಕೆ ನೇಮಕಗೊಂಡ ಯುವ ಗುರುಗಳು ಹೊರಡುವ ದಿನ ಅಲ್ಲಿನ ಪ್ರಾರ್ಥನಾಲಯದ ಪೀಠದ ಮುಂದೆ ಸಾಲಾಗಿ ನಿಲ್ಲುತ್ತಿದ್ದರು. ಬಂಧುಗಳೂ ಸಹಪಾಠಿಗಳೂ ಒಬ್ಬೊಬ್ಬರಾಗಿ ಬಂದು, ಬಾಗಿ, ಅವರ ಪಾದಗಳಿಗೆ ಮುತ್ತಿಡುತ್ತಿದ್ದರು. ಮಗನ ಪಾದಕ್ಕೆ ತಂದೆ ಬಾಗುವುದೆಂದರೆ ನಮ್ಮ ನಾಡಿನಲ್ಲಿ ಊಹಿಸಲೂ ಕಷ್ಟ! ಆಗ ಹಾಡುತ್ತಿದ್ದ ವಿದಾಯಗೀತೆಗೆ ಸಂಗೀತ ರಚಿಸಿದವರು, 1843ರಿಂದ ಕೆಲವು ವರ್ಷ ಅಲ್ಲಿ ಆರ್ಗನ್ ನುಡಿಸುತ್ತಿದ್ದ ಶಾರ್ಲ್ ಗೂನೋ. ಹೋದವರು ಮರಳುವರೆಂಬ ನಿರೀಕ್ಷೆ ಯಾರಿಗೂ ಇರಲಿಲ್ಲ. ಕೊರಿಯಾ, ವಿಯೆಟ್ನಾಂ, ಚೀನಾಗಳಲ್ಲಿ ಪ್ರಾಣಾರ್ಪಣೆ ಮಾಡಿದ ಆ ಸಂಸ್ಥೆಯ 23 ಮಂದಿಯನ್ನು ಧರ್ಮಸಭೆಯು ಸಂತರೆಂದು ಸಾರಿದೆ.

ಆ ಸಂಸ್ಥೆಯ ಅಬ್ಬೆ ದ್ಯುಬುವಾ ಸ್ವಾಮಿಗಳು ಫ್ರಾನ್ಸನ್ನು ಬಿಟ್ಟದ್ದು 1792ರಲ್ಲಿ. ಅದೇ ಸೆಪ್ಟೆಂಬರಿನಲ್ಲಿ ಪ್ಯಾರಿಸ್ಸಿನ ಸೆರೆಮನೆಗಳಲ್ಲಿ ಗುರುಗಳ ಕಗ್ಗೊಲೆ ನಡೆಯಿತು. ಕ್ರಾಂತಿಯ ಕಾಲದಲ್ಲಿ ಬಾಕ್ ಬೀದಿಯ ಮನೆಯೂ ಕೈಬಿಟ್ಟು ಮಾರಾಟವಾಯಿತು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಚದುರಿದ್ದ ಕ್ರೈಸ್ತರನ್ನು ಒಗ್ಗೂಡಿಸಿದವರು, ಸಿಡುಬಿನ ಲಸಿಕೆಯನ್ನು ಮೈಸೂರಿನಲ್ಲಿ ಪ್ರಚಾರಗೊಳಿಸಿದವರು ಇವರೇ. ನಮ್ಮ ಜನ ಇವರನ್ನು ದೊಡ್ಡಸ್ವಾಮಿಯವರು ಎಂದು ಕರೆಯುತ್ತಿದ್ದರು. 1823ರಲ್ಲಿ ಇವರು ಸ್ವದೇಶಕ್ಕೆ ಮರಳಿ, ಸಂಸ್ಥೆಯು ಮತ್ತೆ ಪಡೆದುಕೊಂಡಿದ್ದ ಅದೇ ಗುರುಮಠಕ್ಕೆ ಮುಖ್ಯಸ್ಥರಾಗಿ, 1848ರಲ್ಲಿ ನಿಧನರಾದರು. ಹೀಗೆ ಹಿಂದಿರುಗಿದವರು ವಿರಳ. ಬಹುಮಂದಿಯ ಸಮಾಧಿಗಳು ಏಷ್ಯಾದ ಮಣ್ಣಿನಲ್ಲೇ ಇವೆ.

ನಮ್ಮ ಧರ್ಮಕೇಂದ್ರದ ಮೊದಲ ದೀಕ್ಷಾಸ್ನಾನ ದಾಖಲೆ ಪುಸ್ತಕದಲ್ಲಿರುವ ಸಹಿಯೂ ಅಂತಹ ಫ್ರೆಂಚ್ ಗುರುವೊಬ್ಬರದು. ಅದನ್ನು ಇಷ್ಟು ವರ್ಷ ಬೀರುವಿನಲ್ಲಿ ಬೀಗ ಹಾಕಿ ಇರಿಸಿದ್ದೆವು. ಶತಮಾನೋತ್ಸವದ ಭಾನುವಾರ, ಬಲಿಪೂಜೆಯ ನಂತರ, ಅದನ್ನು ಹೊರತೆಗೆದು ಮೇಜಿನ ಮೇಲೆ ಇಡಲಾಗುವುದು. ಮಕ್ಕಳನ್ನೂ ಕರೆತನ್ನಿ. ಹಾಳೆಗಳು ತೀರ ಜೀರ್ಣವಾಗಿವೆ. ದಯಮಾಡಿ ಪುಟ ತಿರುಗಿಸುವ ಕೆಲಸವನ್ನು ನನಗೇ ಬಿಡಿ.