ಕುಂದಾಪುರ ಸೀಮೆಯ ಪದವಿ ಶಿಕ್ಷಣ: ಪ್ರವೇಶ, ಖರ್ಚು, ಫಲಿತಾಂಶ

ಕುಂದಾಪುರ ಸೀಮೆಯ ವಿದ್ಯಾರ್ಥಿ ಯಾವ ವಿಶ್ವವಿದ್ಯಾಲಯದ ಪದವಿ ಪಡೆಯಬೇಕೆಂಬುದು 1862ರ ಒಂದು ಆಡಳಿತ ತೀರ್ಮಾನದಿಂದ ನಿಶ್ಚಯವಾಯಿತು. ಆ ವರ್ಷ ಉತ್ತರ ಕೆನರಾವನ್ನು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದಾಗ ಕುಂದಾಪುರ ತಾಲ್ಲೂಕನ್ನು ಮಾತ್ರ ಮದ್ರಾಸಿನಲ್ಲೇ ಉಳಿಸಿಕೊಳ್ಳಲಾಯಿತು. ಎರಡೂ ಪ್ರಾಂತ್ಯಗಳ ವಿಶ್ವವಿದ್ಯಾಲಯಗಳು 1857ರಲ್ಲೇ ಹುಟ್ಟಿದ್ದವು. ಹೀಗಾಗಿ ಭಟ್ಕಳದವರು ಮುಂಬಯಿಯ ವ್ಯಾಪ್ತಿಗೆ, ಪಕ್ಕದ ಶಿರೂರು, ಬೈಂದೂರಿನವರು ಮದ್ರಾಸಿನ ವ್ಯಾಪ್ತಿಗೆ ಬಂದರು. ಈ ಗಡಿ ಇಂದಿಗೂ ಅಳಿದಿಲ್ಲ: ಉತ್ತರ ಕನ್ನಡದ ಪದವಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದರೆ, ಬೈಂದೂರಿನದು ಮಂಗಳೂರಿಗೆ ಸೇರಿದೆ.

ಮದ್ರಾಸಿನ ಕಾಲದಲ್ಲಿ ಕಾಲೇಜು ಎಂದರೆ ಮಂಗಳೂರು. ಅಲ್ಲಿನ ಸರ್ಕಾರಿ ಕಾಲೇಜು ಮತ್ತು 1880ರಲ್ಲಿ ಆರಂಭವಾದ ಸಂತ ಅಲೋಶಿಯಸ್ ಕಾಲೇಜು ಆಗಿನ ದಕ್ಷಿಣ ಕೆನರಾ ಜಿಲ್ಲೆಯ ಮುಖ್ಯ ಆಶ್ರಯಗಳಾಗಿದ್ದವು. ಕುಂದಾಪುರದಿಂದ ಮಂಗಳೂರಿಗೆ ಸುಮಾರು 90 ಕಿ.ಮೀ. ದಾರಿಯ ಹೊಳೆಗಳಿಗೆ ಸೇತುವೆಗಳಾಗುವ ಮೊದಲು ದೋಣಿ ಹತ್ತಿ ಇಳಿದು ಸಾಗಬೇಕಿತ್ತು. ದಿನವೂ ಹೋಗಿ ಬರುವ ಮಾತೇ ಇರಲಿಲ್ಲ. ಶುಲ್ಕಕ್ಕಿಂತ ಊಟ, ವಸತಿಯ ಖರ್ಚೇ ದೊಡ್ಡದಾಗಿ, ಗೇಣಿ ಬರುವ ಜಮೀನೋ ವ್ಯಾಪಾರವೋ ಇದ್ದ ಮನೆಗಳಿಗಷ್ಟೇ ಪದವಿ ಎಟುಕುತ್ತಿತ್ತು. ಉಳಿದ ಮನೆಗಳ ಎಷ್ಟೋ ಹುಡುಗರು ಮುಂಬಯಿಯ ಹೋಟೆಲು, ಕ್ಯಾಂಟೀನುಗಳಿಗೆ ಹೋದರು. ಹಗಲು ದುಡಿದು, ಅಲ್ಲಿನ ಕನ್ನಡ ಸಂಘಗಳು ನಡೆಸುತ್ತಿದ್ದ ರಾತ್ರಿ ಶಾಲೆಗಳಲ್ಲಿ ಓದಿದವರೂ ಅವರಲ್ಲಿದ್ದರು.

1949ರಲ್ಲಿ ಡಾ. ಟಿ.ಎಂ.ಎ. ಪೈ ಅವರ ಪ್ರಯತ್ನದಿಂದ ಉಡುಪಿಯಲ್ಲಿ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜು ತೆರೆದಾಗ ಈ ಅಂತರ ಕುಗ್ಗಿತು. ಸೀಮೆಯ ದಕ್ಷಿಣ ಭಾಗದ ಬ್ರಹ್ಮಾವರದಿಂದ ಉಡುಪಿ ಹದಿಮೂರು ಕಿ.ಮೀ. ಮಾತ್ರ. 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯ ನಂತರ ಜಿಲ್ಲೆಯ ಕಾಲೇಜುಗಳು ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿದವು. 1963ರಲ್ಲಿ ದಾನಿಗಳ ನೆರವಿನಿಂದ ಕುಂದಾಪುರದಲ್ಲೇ ಭಂಡಾರ್ಕಾರ್ಸ್ ಕಾಲೇಜು ಶುರುವಾಯಿತು. ಅದರಿಂದ ಮನೆಯಲ್ಲೇ ಉಂಡು, ಬಸ್ಸಿನಲ್ಲಿ ಹೋಗಿ ಪದವಿ ಓದುವುದು ಸಾಧ್ಯವಾಯಿತು. ಮಗಳನ್ನು ದೂರದೂರಿಗೆ ಕಳಿಸಲು ಹಿಂಜರಿಯುತ್ತಿದ್ದ ಮನೆಗಳಿಗೆ ಇದು ಇನ್ನೂ ಹೆಚ್ಚಿನ ಅನುಕೂಲವಾಯಿತು.

ಸ್ನಾತಕೋತ್ತರ ಶಿಕ್ಷಣ ಮಾತ್ರ ದೂರವೇ ಉಳಿದಿತ್ತು. 1968ರಲ್ಲಿ ಮೈಸೂರು ವಿಶ್ವವಿದ್ಯಾಲಯ ಮಂಗಳೂರಿನಲ್ಲಿ ಸ್ನಾತಕೋತ್ತರ ಕೇಂದ್ರ ತೆರೆಯಿತು. 1980ರ ಸೆಪ್ಟೆಂಬರ್ 10ರಂದು ಅದೇ ಮಂಗಳೂರು ವಿಶ್ವವಿದ್ಯಾಲಯವಾಯಿತು. ಕೊಣಾಜೆಯ ಮಂಗಳಗಂಗೋತ್ರಿ ಅದರ ಕೇಂದ್ರ. ಮುಂದೆ ಬೈಂದೂರು, ಶಂಕರನಾರಾಯಣ, ಕೋಟ ಪಡುಕೆರೆ, ಬಾರ್ಕೂರು, ಕೋಟೇಶ್ವರಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಬಂದವು. ಕಾಲೇಜು ಹಳ್ಳಿಯ ಸಮೀಪಕ್ಕೆ ಬಂದಂತೆ ಖರ್ಚಿನ ಸ್ವರೂಪವೂ ಬದಲಾಯಿತು. ಸರ್ಕಾರಿ ಕಾಲೇಜುಗಳಲ್ಲಿ ಹೆಣ್ಣುಮಕ್ಕಳಿಗೆ ಬೋಧನಾ ಶುಲ್ಕದ ವಿನಾಯಿತಿ ಇದೆ. ಆದರೆ ಬಸ್ಸಿನ ಖರ್ಚು ಪೂರ್ತಿ ತಪ್ಪಿಲ್ಲ. 2023ರ ಜೂನ್‌ನಲ್ಲಿ ಜಾರಿಯಾದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗಷ್ಟೇ ಅನ್ವಯ. ಕರಾವಳಿಯ ಹೆಚ್ಚಿನ ಮಾರ್ಗಗಳಲ್ಲಿ ಓಡುವುದು ಖಾಸಗಿ ಬಸ್ಸು.

ಫಲಿತಾಂಶದ ಅಂಕಿಗಳನ್ನು ಓದುವಾಗ ಈ ಹಿನ್ನೆಲೆ ಬೇಕು. 2025ರ ದ್ವಿತೀಯ ಪಿಯುಸಿಯಲ್ಲಿ ಉಡುಪಿ ಜಿಲ್ಲೆ ಶೇ. 93.90 ತೇರ್ಗಡೆಯೊಂದಿಗೆ ರಾಜ್ಯಕ್ಕೆ ಮೊದಲಾಯಿತು. ಆದರೆ ತೇರ್ಗಡೆಯಾದವರೆಲ್ಲ ಊರಿನ ಪದವಿ ಕಾಲೇಜಿಗೆ ಸೇರುವುದಿಲ್ಲ. ಎಂಜಿನಿಯರಿಂಗ್, ವೈದ್ಯಕೀಯ ಹಿಡಿದವರ ಹೆಸರು ಬೇರೆ ವಿಶ್ವವಿದ್ಯಾಲಯಗಳ ದಾಖಲೆಗೆ ಸೇರುತ್ತದೆ. ಕೇಂದ್ರ ಸರ್ಕಾರದ 2021–22ರ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 18ರಿಂದ 23ರ ವಯೋಮಾನದ ಒಟ್ಟು ದಾಖಲಾತಿ ಅನುಪಾತ ದೇಶದಲ್ಲಿ ಶೇ. 28.4, ಕರ್ನಾಟಕದಲ್ಲಿ ಶೇ. 36.2. ಕಾಲೇಜು ಇರುವ ಕಡೆಯೇ ವಿದ್ಯಾರ್ಥಿಯನ್ನು ಎಣಿಸುವುದರಿಂದ, ಬೆಂಗಳೂರಿನಲ್ಲಿ ಓದುವ ಬೈಂದೂರಿನ ಹುಡುಗಿ ಬೈಂದೂರಿನ ಲೆಕ್ಕಕ್ಕೆ ಬರುವುದಿಲ್ಲ.

ವರ್ಷದಿಂದ ವರ್ಷಕ್ಕೆ ಹೋಲಿಸುವುದೂ ಸುಲಭವಲ್ಲ. ವಾರ್ಷಿಕ ಪರೀಕ್ಷೆಯ ಜಾಗಕ್ಕೆ ಸೆಮಿಸ್ಟರ್ ಬಂತು. 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಡಿ ನಾಲ್ಕು ವರ್ಷದ ಪದವಿ ಶುರುವಾಗಿ, 2024–25ರಿಂದ ರಾಜ್ಯ ಮತ್ತೆ ಮೂರು ವರ್ಷಕ್ಕೆ ಮರಳಿತು. ತಾಲ್ಲೂಕಿನ ಗಡಿಯೂ ಮೊದಲಿನಂತಿಲ್ಲ: 2018ರಲ್ಲಿ ಬೈಂದೂರು ಕುಂದಾಪುರದಿಂದಲೂ ಬ್ರಹ್ಮಾವರ ಉಡುಪಿಯಿಂದಲೂ ಬೇರ್ಪಟ್ಟು ಹೊಸ ತಾಲ್ಲೂಕುಗಳಾದ್ದರಿಂದ, ಹಳೆಯ ಕುಂದಾಪುರ ತಾಲ್ಲೂಕಿನ ಅಂಕಿಗಳನ್ನು ಇಂದಿನ ಕುಂದಾಪುರದ ಅಂಕಿಗಳೊಂದಿಗೆ ನೇರವಾಗಿ ಹೋಲಿಸುವಂತಿಲ್ಲ.